ಮೂಗರ್ಜಿಯ ಐದನೆಯ ಅಂಶ

ಹೊಟ್ಟೆಕಿಚ್ಚಿಗೂ ಒಂದು ಮರ್ಯಾದೆ ಅಂತ ಇರಬೇಕು. ಪಕ್ಕದ ಮನೆಯವರು ಮಹಡಿ ಎಬ್ಬಿಸಿದರು, ಷಡ್ಡಕ ಕಾರು ತೆಗೆದುಕೊಂಡ, ನನಗಿಂತ ಹಿಂದೆ ಕೆಲಸಕ್ಕೆ ಸೇರಿದವನು ನನಗಿಂತ ಮುಂದೆ ಬಡ್ತಿ ಪಡೆದ, ಇಂಥದ್ದಕ್ಕೆಲ್ಲ ಹೊಟ್ಟೆ ಉರಿದುಕೊಂಡರೆ ಕೇಳಿದವರು ‘ಪಾಪ’ ಅನ್ನುತ್ತಾರೆ, ಜೊತೆಗೆ ತಮ್ಮ ಉರಿಯನ್ನೂ ಒಂದಿಷ್ಟು ಹೇಳಿಕೊಂಡು ಹಗುರಾಗುತ್ತಾರೆ. ನನ್ನ ಕರ್ಮ ನೋಡಿ, ಇವ್ಯಾವುದೂ ನನ್ನನ್ನು ಅಷ್ಟಾಗಿ ಸುಡಲಿಲ್ಲ. ಐವತ್ತೆರಡು ವಯಸ್ಸಿನಲ್ಲಿ, ಸಕ್ಕರೆ ಕಾಯಿಲೆಯ ಮಾತ್ರೆ ನುಂಗುವ ಕಾಲದಲ್ಲಿ, ನಾನು ಹೊಟ್ಟೆಕಿಚ್ಚು ಪಟ್ಟದ್ದು ಒಂದು ನೀಲಿ ಪ್ಲಾಸ್ಟಿಕ್ ಕಡ್ಡಿಯ ಮೇಲೆ. ನನ್ನ ನಡುಬೆರಳಿನಷ್ಟು ಉದ್ದದ ಕಡ್ಡಿ. ಯಾರಿಗಾದರೂ ಹೇಳಿಕೊಳ್ಳುವಂಥದ್ದೇ ಇದು? ಮನೆಯಲ್ಲಿ ಹೇಳಿಕೊಳ್ಳಲಾಗದೆ ನಿಮ್ಮ ಹತ್ತಿರ ಹೇಳುತ್ತಿದ್ದೇನೆ.

ನಾನು ನಂಜನಗೂಡಿನವನು. ಕೆಲಸ ತಿ. ನರಸೀಪುರದ ಒಂದು ಸರ್ಕಾರಿ ಕಚೇರಿಯಲ್ಲಿ, ಗುಮಾಸ್ತಿಕೆ. ದಿನಾ ಬೆಳಿಗ್ಗೆ ಸುತ್ತೂರಿನ ಮೇಲೆ ಹೋಗುವ ಬಸ್ಸು ಹಿಡಿದು ಹೋಗುತ್ತೇನೆ, ಸಂಜೆ ಅದೇ ದಾರಿಯಲ್ಲಿ ತೂಕಡಿಸುತ್ತ ವಾಪಸು ಬರುತ್ತೇನೆ. ಕಚೇರಿಯಲ್ಲಿ ನನ್ನ ಪಕ್ಕದ ಮೇಜು ಸಿದ್ದರಾಜುವಿನದು. ಬನ್ನೂರಿನವನು, ಟಪಾಲು ನೋಡಿಕೊಳ್ಳುತ್ತಾನೆ. ಹತ್ತೊಂಬತ್ತು ವರ್ಷದಿಂದ ನಮ್ಮಿಬ್ಬರ ನಡುವೆ ಒಂದು ಪದ್ಧತಿ ಇತ್ತು. ಹನ್ನೊಂದೂವರೆಗೆ ಎದುರಿನ ಪುಟ್ಟತಾಯಮ್ಮನ ಟೀ ಅಂಗಡಿಗೆ ಹೋಗುವುದು, ಒಂದೇ ಒಂದು ಸಿಗರೇಟು ಕೊಳ್ಳುವುದು, ಸಿದ್ದರಾಜು ತನ್ನ ಜೇಬಿನ ಕೆಂಪು ಪೆನ್ನು ತೆಗೆದು ಅದರ ನಟ್ಟನಡುವೆ ಒಂದು ಗೆರೆ ಎಳೆಯುವುದು. ಗೆರೆಯವರೆಗೆ ಒಬ್ಬ, ಗೆರೆಯಿಂದಾಚೆ ಇನ್ನೊಬ್ಬ. ಸೋಮವಾರ ಮೊದಲರ್ಧ ಅವನದಾದರೆ ಮಂಗಳವಾರ ನನ್ನದು. ಯಾರಾದರೂ ಗೆರೆ ದಾಟಿ ಒಂದು ದಮ್ಮು ಹೆಚ್ಚಿಗೆ ಎಳೆದರೆ ಮರುದಿನ ಅಷ್ಟು ಕಡಿಮೆ ಸೇದಬೇಕು. ದಿನಕ್ಕೆ ಅರ್ಧ ಸಿಗರೇಟು ಸೇದುವವನನ್ನು ಯಾರೂ ಚಟಗಾರ ಅನ್ನುವುದಿಲ್ಲ. ನಿಜ ಹೇಳಬೇಕೆಂದರೆ ನನ್ನ ಚಟ ಸಿಗರೇಟೂ ಅಲ್ಲ, ಆ ಹತ್ತು ನಿಮಿಷ. ಮಗಳ ಮದುವೆಯ ಚಿಂತೆ, ಸಾಹೇಬರು ಬೈದದ್ದು, ಮಂಡಿ ನೋವು, ಎಲ್ಲವನ್ನೂ ನಾನು ಆ ಗೆರೆಯ ಆಚೆ ಈಚೆಯಲ್ಲೇ ಹೇಳಿಕೊಂಡು ಬಂದವನು. ನನ್ನ ಹೆಂಡತಿ ಸುಮಿತ್ರಾಗೆ ಈ ಅರ್ಧ ಸಿಗರೇಟಿನ ವಿಷಯ ಗೊತ್ತಿಲ್ಲ ಎಂದು ನಾನು ನಂಬಿದ್ದೇನೆ. ನಾನು ಹಾಗೆ ನಂಬಿದ್ದೇನೆ ಎನ್ನುವುದು ಅವಳಿಗೆ ಚೆನ್ನಾಗಿ ಗೊತ್ತು.

ಹೀಗಿರುವಾಗ ಸಿದ್ದರಾಜುವಿನ ಬಾಮೈದ ದುಬೈ ಪ್ರವಾಸ ಮಾಡಿಕೊಂಡು ಬಂದ. ಬರುವಾಗ ಸುಮ್ಮನೆ ಬರಬಾರದೇ? ಭಾವನಿಗೆ ಅಂತ ಆ ನೀಲಿ ಕಡ್ಡಿ ತಂದ, ಜೊತೆಗೆ ಅದಕ್ಕೆ ತುಂಬುವ ರಸದ ನಾಲ್ಕು ಪುಟ್ಟ ಬಾಟಲಿ. ಬೆಂಕಿ ಇಲ್ಲ, ಬೂದಿ ಇಲ್ಲ, ಬಟನ್ನೂ ಇಲ್ಲ. ಬಾಯಿಗಿಟ್ಟು ಎಳೆದರೆ ತುದಿಯಲ್ಲಿ ಸಣ್ಣ ದೀಪ ಹೊತ್ತುತ್ತದೆ, ಬಿಟ್ಟರೆ ಮೋಡದಂಥ ಹೊಗೆ. ಅಂಗಡಿಯ ಮುಂದೆ ಜನ ಸೇರಿದರು. ಪುಟ್ಟತಾಯಮ್ಮ ಹಾಲಿನ ಪಾತ್ರೆ ಕೆಳಗಿಳಿಸಿ ನೋಡಲು ಬಂದಳು. “ಅದೇನ್ ಸಾ ಅದು, ಮೊಬೈಲ್‌ಗೆ ಆಕ್ದಂಗೆ ಕರೆಂಟ್ ಆಕ್ತೀರಂತೆ, ಆಮೇಲೆ ಬಾಯ್ಗೂ ಇಕ್ಕತೀರಂತೆ? ಶಾಕ್ ಗೀಕ್ ಒಡ್ದಾತು ಉಸಾರು!” ಎಂದಳು. ಹೊಗೆಯಿಂದ ಬಾಳೆಹಣ್ಣಿನ ವಾಸನೆ ಬರುತ್ತಿತ್ತು. ರಸಬಾಳೆಯ ಊರಿನಲ್ಲಿ ಹುಟ್ಟಿದ ನನ್ನ ಮುಂದೆ ಬಾಳೆಹಣ್ಣಿನ ವಾಸನೆ! “ಇದ್ಯಾವ ಬಾಳೆಹಣ್ಣಪ್ಪಾ, ನೇಲ್ ಪಾಲಿಶ್ ಹಾಕ್ಕೊಂಡಿರೋ ಬಾಳೆಹಣ್ಣಾ?” ಎಂದು ನಾನು ಜೋರಾಗಿಯೇ ಕೇಳಿದೆ. ಯಾರೂ ನಗಲಿಲ್ಲ. ಎಲ್ಲರೂ ಹೊಗೆ ನೋಡುತ್ತಿದ್ದರು.

ಆಮೇಲೆ ಸಿದ್ದರಾಜು ನನ್ನ ಭುಜ ತಟ್ಟಿ ಹೇಳಿದ, “ಲೋ ನಾಗೇಂದ್ರ, ಇನ್ಮೇಲೆ ಆ ಗೆರೆ ಗಿರೆ ಏನೂ ಬ್ಯಾಡ ಕಣ್ಲಾ. ಸಿಗರೇಟು ಪೂರ್ತಿ ನೀನೇ ಸೇದ್ಕೊ.” ಉದಾರವಾಗಿ ಹೇಳಿದ, ಆಸ್ತಿ ಬಿಟ್ಟುಕೊಟ್ಟವನ ಹಾಗೆ. ಪೂರ್ತಿ ಸಿಗರೇಟು ಇಷ್ಟು ಉದ್ದ ಇರುತ್ತದೆ ಎನ್ನುವುದು ನನಗೆ ಅವತ್ತೇ ಗೊತ್ತಾದದ್ದು. ಸೇದುತ್ತಲೇ ಇದ್ದೆ, ಮುಗಿಯಲೇ ಇಲ್ಲ. ಅರ್ಧ ದಾಟುತ್ತಿದ್ದಂತೆ ಗಂಟಲು ಕಹಿ ಆಯಿತು, ಕಣ್ಣಲ್ಲಿ ನೀರು ಬಂತು. ಮೂರನೇ ದಿನ ನಾಚಿಕೆ ಬಿಟ್ಟು, “ಒಂದ್ ಸಲ ನಂಗೂ ಕೊಡೋ, ನೋಡೋಣ” ಎಂದೆ. ಕೊಟ್ಟ. ಕೊಡುವ ಮುಂಚೆ ಕರ್ಚೀಪಿನಲ್ಲಿ ಒರೆಸಿದ. ಒಳ್ಳೆಯದು, ಶುಚಿ. ಆದರೆ ನಾನು ವಾಪಸು ಕೊಟ್ಟ ಮೇಲೆ ಇನ್ನೂ ಗಟ್ಟಿಯಾಗಿ ಒರೆಸಿದ! ಹತ್ತೊಂಬತ್ತು ವರ್ಷ ಒಂದೇ ಸಿಗರೇಟಿಗೆ ಬಾಯಿಟ್ಟವರು ನಾವು. ಆ ಎರಡನೇ ಒರೆಸಾಟ ನನ್ನ ಎದೆಗೆ ಇರಿದ ಹಾಗಾಯಿತು.

ಆ ಕಡ್ಡಿಯಂಥ ಇ-ಸಿಗರೇಟಿಗೆಲ್ಲ ಸರ್ಕಾರ ನಿಷೇಧ ಹಾಕಿದ ಸುದ್ದಿ ಬಂದಾಗ ನಾನು ಬಸ್ಸಿನಲ್ಲಿದ್ದೆ, ಸುತ್ತೂರು ಇನ್ನೇನು ಬರಬೇಕು. ಮೊಬೈಲಿನಲ್ಲಿ ಓದಿದವನೇ ಸಂತೋಷ ತಡೆಯಲಾರದೆ ಪಕ್ಕದವರಿಗೆಲ್ಲ ಕೇಳುವಂತೆ ಓದಿ ಹೇಳಿದೆ: ತಯಾರಿಸುವಂತಿಲ್ಲ, ತರಿಸುವಂತಿಲ್ಲ, ಮಾರುವಂತಿಲ್ಲ, ದಾಸ್ತಾನು ಇಡುವಂತಿಲ್ಲ. ಕಂಡಕ್ಟರ್, “ಅದ್ಯಾವ್ದು ಸಾ, ನಾವ್ ಕಣ್ಣಲ್ಲೇ ಕಂಡಿಲ್ವಲ್ಲ” ಎಂದ. ಬಾಳೆಗೊನೆ ತೊಡೆಯ ಮೇಲಿಟ್ಟುಕೊಂಡಿದ್ದ ಯಜಮಾನರು ಗಾಬರಿಯಿಂದ, “ಬೀಡಿ ಸೇರಿಲ್ಲ ತಾನೆ ಅದ್ರಲ್ಲಿ?” ಎಂದು ಕೇಳಿ, ಇಲ್ಲ ಎಂದು ತಿಳಿದ ಮೇಲೆ ಕಿಟಕಿಗೆ ಒರಗಿ ಕಣ್ಣು ಮುಚ್ಚಿದರು. ಹೆಂಗಸರ ಸೀಟಿನಿಂದ ಒಬ್ಬಾಕೆ, “ಅಂಗೇ ಬೀಡಿ, ಎಂಡ, ಇಸ್ಪೀಟು ಎಲ್ಲಾನೂ ಒಂದೇ ಸಲಕ್ಕೆ ಸೇರಿಸ್ಬುಡೋದಲ್ವಾ? ಬರೀ ಕಡ್ಡಿ ಹಿಡ್ಕಂಡವ್ರೆ!” ಎಂದಳು. ಹೆಂಗಸರೆಲ್ಲ ಹೌದು ಹೌದು ಎಂದರು. ನನಗೆ ಯಾರ ವಾದವೂ ಬೇಕಿರಲಿಲ್ಲ. ಸಿದ್ದರಾಜುವಿನ ಮುಖ ನೋಡಬೇಕಿತ್ತು. ಅಂಗಡಿಗೆ ಹೋದವನೇ ಇದ್ದವರಿಗೆಲ್ಲ ಒಂದೊಂದು ವಡೆ ಕೊಡಿಸಿದೆ, ಯಾಕೆ ಅಂತ ಮಾತ್ರ ಹೇಳಲಿಲ್ಲ.

ಆದರೆ ಜನ ಏನು ಮಾಡಿದರು ಗೊತ್ತೇ? ಅದುವರೆಗೆ ಆ ಕಡ್ಡಿಯ ಬಗ್ಗೆ ತಲೆ ಕೆಡಿಸಿಕೊಳ್ಳದವರೂ ಸಿದ್ದರಾಜುವನ್ನು ಹುಡುಕಿಕೊಂಡು ಬಂದರು. ನಿವೃತ್ತ ಮೇಷ್ಟ್ರು ಒಬ್ಬರು, “ಬಿಡಿ ಸಿಗರೇಟು ಮಾರಬಾರ್ದು ಅಂತಾರೆ, ಈ ಅಂಗಡಿಲಿ ಸಿಗುತ್ತೆ. ಇದನ್ನಾದ್ರೂ ನೆಟ್ಟಗೆ ನಿಲ್ಲಿಸ್ತಾರಾ?” ಎಂದು ವಾದ ತೆಗೆದರು. ಪುಟ್ಟತಾಯಮ್ಮ ಮೆಲ್ಲಗೆ ಸಿಗರೇಟು ಪ್ಯಾಕನ್ನು ಬನ್ನಿನ ಡಬ್ಬದ ಹಿಂದಕ್ಕೆ ತಳ್ಳಿದಳು. ಇನ್ನೊಬ್ಬರು ಮಕ್ಕಳು ಹಾಳಾಗುತ್ತಾರೆ, ಒಳ್ಳೆ ಕೆಲಸ ಆಯಿತು ಎಂದರು. ಮತ್ತೊಬ್ಬರು, “ಸರ್ಕಾರನೇ ಎದರ್ಕಂಡದೆ ಅಂದ್ರೆ ಅದ್ರಲ್ಲಿ ಏನೋ ಅದೆ ಕಣ್ರೀ” ಎಂದು ಸಿದ್ದರಾಜುವಿನ ಜೇಬನ್ನೇ ಭಕ್ತಿಯಿಂದ ನೋಡಿದರು. ಸಿದ್ದರಾಜು ಈಗ ಎಲ್ಲರ ಮುಂದೆ ಕಡ್ಡಿ ತೆಗೆಯುತ್ತಿರಲಿಲ್ಲ. ಆಚೆ ಈಚೆ ನೋಡಿ, ಹೊಂಗೆ ಮರದ ಹಿಂದೆ ಹೋಗಿ, ಅಂಗೈಯಲ್ಲಿ ಮರೆ ಮಾಡಿಕೊಂಡು ಎಳೆದು ಬರುತ್ತಿದ್ದ. ಬರುವಾಗ ಅವನ ನಡಿಗೆಯೇ ಬೇರೆ. ನನ್ನ ಚಟಕ್ಕೆ ಸರ್ಕಾರ ಪ್ಯಾಕಿನ ಮೇಲೆ ಒಂದು ಅಸಹ್ಯ ಚಿತ್ರ ಅಂಟಿಸಿ ಕೈತೊಳೆದುಕೊಂಡಿದೆ, ಅವನದಕ್ಕೆ ಒಂದು ಇಡೀ ಕಾಯ್ದೆಯನ್ನೇ ಮಾಡಿದೆ! ನನಗೆ ಉರಿದುಹೋಯಿತು. ಮರದ ಕಡೆಯಿಂದ ವಾಸನೆಯೂ ಬರುತ್ತಿರಲಿಲ್ಲ. ವಾಸನೆಯನ್ನು ಕೂಡ ಹೊರಗೆ ಬಿಡದಷ್ಟು ಜಿಪುಣನಾದನಲ್ಲ ಇವನು ಎಂದು ಹಲ್ಲು ಕಡಿದೆ.

ಆ ಭಾನುವಾರ ನಾನು ಮೂಗರ್ಜಿ ಬರೆದೆ. ಹೆಸರು ಹಾಕದೆ ಬರೆಯುವ ಈ ದೂರುಗಳನ್ನು ವಿಚಾರಿಸುವುದೇ ಕಚೇರಿಯಲ್ಲಿ ನನ್ನ ಕೆಲಸ, ಹಾಗಾಗಿ ಆ ಕಲೆ ನನಗೆ ಹೊಸದಲ್ಲ. ಅಕ್ಷರ ಗುರುತು ಸಿಗಬಾರದೆಂದು ಎಡಗೈಯಲ್ಲಿ ಬರೆದೆ, ಎರಡು ಗಂಟೆ ಹಿಡಿಯಿತು. “ವಿಷಯ: ಕಚೇರಿ ಸಿಬ್ಬಂದಿಯೊಬ್ಬರು ನಿಷೇಧಿತ ಉಪಕರಣ ಬಳಸುತ್ತಿರುವ ಬಗ್ಗೆ. ಉಲ್ಲೇಖ: ಟೀ ಅಂಗಡಿಯಲ್ಲಿ ಖುದ್ದು ಕಂಡಂತೆ.” ಒಂದನೆಯ ಅಂಶದಲ್ಲಿ ಸಿದ್ದರಾಜುವಿನ ಹೆಸರಿನ ಜೊತೆ ಕಾನೂನು, ಎರಡನೆಯದರಲ್ಲಿ ಸರ್ಕಾರಿ ನೌಕರರ ಆದರ್ಶ, ಮೂರನೆಯದರಲ್ಲಿ ಯುವಜನರ ಭವಿಷ್ಯ, ನಾಲ್ಕನೆಯದರಲ್ಲಿ ನಕಲಿ ವಾಸನೆಯಿಂದ ಸ್ಥಳೀಯ ಬಾಳೆಹಣ್ಣಿಗೆ ಆಗುತ್ತಿರುವ ಅವಮಾನ. ಅಲ್ಲಿಗೆ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಆದರೆ ಎಡಗೈ ಓಡುತ್ತಿತ್ತು, ಐದನೆಯದನ್ನೂ ಬರೆಯಿತು: “ಸದರಿಯವರು ಹತ್ತೊಂಬತ್ತು ವರ್ಷಗಳಿಂದ ತಮ್ಮೊಂದಿಗೆ ಸಮಭಾಗವಾಗಿ ಸೇದಿಕೊಂಡು ಬಂದಿರುವ ಸಹೋದ್ಯೋಗಿಯನ್ನು ಕಡೆಗಣಿಸಿ, ಸದರಿ ಉಪಕರಣವನ್ನು ಒಬ್ಬರೇ ಸೇದುತ್ತಿರುತ್ತಾರೆ.” ಕೆಳಗೆ ‘ನೊಂದ ಸಾರ್ವಜನಿಕ’ ಎಂದು ಹಾಕಿದೆ. ನಂಜನಗೂಡಿನ ಅಂಚೆ ಮುದ್ರೆ ಬಿದ್ದರೆ ಅನುಮಾನ ಬರುತ್ತದೆಂದು ಕಳಲೆಗೆ ಹೋಗಿ ಡಬ್ಬಕ್ಕೆ ಹಾಕಿದೆ. ಲಕ್ಷ್ಮೀಕಾಂತನ ದರ್ಶನಕ್ಕೆ ಹೊರಟಿದ್ದೇನೆ ಎಂದದ್ದಕ್ಕೆ ಸುಮಿತ್ರಾ, “ಏನ್ರೀ ಇದು, ಕರೆದ್ರೂ ಬರದೋರು ತಾವಾಗೇ ಹೊರಟ್ರಿ?” ಎಂದು ಖುಷಿಯಿಂದ ತೆಂಗಿನಕಾಯಿಯನ್ನೂ ಕೊಟ್ಟು ಕಳಿಸಿದಳು.

ಇಷ್ಟೆಲ್ಲ ಬುದ್ಧಿ ಖರ್ಚು ಮಾಡಿದವನಿಗೆ ಒಂದು ಮಾತ್ರ ಹೊಳೆದಿರಲಿಲ್ಲ. ಕಚೇರಿಗೆ ಬರುವ ಟಪಾಲನ್ನೆಲ್ಲ ಒಡೆಯುವವನು ಸಿದ್ದರಾಜು. ಹತ್ತೊಂಬತ್ತು ವರ್ಷದಿಂದ ನನ್ನ ಪಕ್ಕದಲ್ಲೇ ಕೂತು ಒಡೆಯುತ್ತಿದ್ದಾನೆ. ಬುಧವಾರ ಬೆಳಿಗ್ಗೆ ಅವನು ಆ ಲಕೋಟೆಗೆ ಕತ್ತರಿ ಹಾಕಿದಾಗ ನನಗೆ ಜ್ಞಾನೋದಯವಾಯಿತು. ಅಯ್ಯೋ ದಡ್ಡ ಶಿಖಾಮಣಿ ಎಂದು ನನ್ನನ್ನೇ ಬೈದುಕೊಂಡೆ. ಸಿದ್ದರಾಜು ಓದಿದ. ಮತ್ತೊಮ್ಮೆ ಓದಿದ. ಮುದ್ರೆ ಒತ್ತಿ, ನಂಬರು ಕೊಟ್ಟು, ನನ್ನ ಕಡೆಗೆ ತಿರುಗಿದ. “ಲೇ ನಾಗೇಂದ್ರ, ನನ್ ಮೇಲೆ ಯಾವನೋ ಮೂಗರ್ಜಿ ಬರ್ದವ್ನೆ. ನಮ್ ಕಚೇರಿ ಕೆಲ್ಸ ಗೊತ್ತಿರೋನೇ ಕಣ್ಲಾ. ನೊಂದ ಸಾರ್ವಜನಿಕ ಎಲ್ಲಾದ್ರೂ ಪಕ್ಕದಲ್ಲಿ ಮಾರ್ಜಿನ್ ಮಡಿಸ್ತಾನ? ಮೂಲೆಗೆ ತೂತು ಒಡ್ದು ಟ್ಯಾಗ್ ದಾರ ಆಕ್ತಾನ?” ಮಾರ್ಜಿನ್ ಮಡಿಸಿದ್ದೆ. ಟ್ಯಾಗ್ ಕೂಡ ಹಾಕಿದ್ದೆ, ಹಸಿರು ಬಣ್ಣದ್ದು. ಕೈಗೆ ಬಿದ್ದ ಅಭ್ಯಾಸ, ಏನು ಮಾಡಲಿ? “ಕಾಲ ಬದಲಾಗೋಯ್ತು ಕಣಪ್ಪ, ಸಾರ್ವಜನಿಕರೂ ಎಲ್ಲ ಕಲ್ತುಬಿಟ್ಟಿದಾರೆ” ಎಂದೆ. ನನ್ನ ದನಿ ನನಗೇ ಕೇಳಿಸಲಿಲ್ಲ.

ಸಂಜೆಯ ಹೊತ್ತಿಗೆ ಅದರ ಮೇಲೆ ನಮ್ಮ ಅಧಿಕಾರಿ ಮೇಡಂ ‘ಪರಿಶೀಲಿಸಿ ಮಂಡಿಸಿ’ ಎಂದು ಬರೆದು, ಎಲ್ಲ ಮೂಗರ್ಜಿಗಳ ಹಾಗೆ ಅದೂ ನನ್ನ ಮೇಜಿಗೇ ಬಂತು. ನಾನು ಬರೆದ ದೂರನ್ನು ನಾನೇ ವಿಚಾರಣೆ ಮಾಡಬೇಕು! ನಗಬೇಡಿ, ನನಗೆ ಅವತ್ತು ಊಟ ಸೇರಲಿಲ್ಲ. ಸಿದ್ದರಾಜುವಿನ ಬಡ್ತಿಯ ಪಟ್ಟಿ ಮೂರು ತಿಂಗಳಲ್ಲಿ ಹೊರಡುವುದಿತ್ತು. ಮೇಡಂ ಹೊಸಬರು, ಕಟ್ಟುನಿಟ್ಟು. ದೂರು ನಿಜ ಅಂತಾದರೆ ನೋಟೀಸು ಕೊಡುತ್ತಾರೆ, ನೋಟೀಸು ಇದ್ದವನ ಹೆಸರು ಪಟ್ಟಿಯಿಂದ ಬಿದ್ದುಹೋಗುತ್ತದೆ. ನನಗೆ ಬೇಕಿದ್ದದ್ದು ಅರ್ಧ ಸಿಗರೇಟು, ಅವನ ಅನ್ನವಲ್ಲ. ಮರುದಿನ ಅವನ ಲಿಖಿತ ಹೇಳಿಕೆ ಕೇಳಿ ಮೆಮೊ ಕೊಟ್ಟೆ. ಅವನು ತೆಗೆದುಕೊಂಡು ಹತ್ತೇ ನಿಮಿಷದಲ್ಲಿ ಬರೆದು ತಂದುಕೊಟ್ಟ.

“ಒಂದರಿಂದ ನಾಲ್ಕನೆಯ ಅಂಶಗಳಿಗೆ ಸಂಬಂಧಿಸಿದಂತೆ, ಸದರಿ ಉಪಕರಣವು ನನ್ನ ಬಾಮೈದನು ಸರ್ಕಾರದ ನಿಷೇಧಕ್ಕೂ ಮುಂಚೆ ತಂದುಕೊಟ್ಟದ್ದಾಗಿದ್ದು, ಅದರ ರಸವು ನಿಷೇಧದ ವಾರವೇ ಮುಗಿದು ಹೋಗಿರುತ್ತದೆ. ಬೇರೆ ರಸ ಎಲ್ಲಿಯೂ ದೊರೆತಿರುವುದಿಲ್ಲ. ಸದರಿ ಉಪಕರಣವನ್ನು ನಿನ್ನೆ ರಾತ್ರಿ ಹೆಂಡತಿ ಒಲೆಗೆ ಹಾಕಿರುತ್ತಾಳೆ. ಐದನೆಯ ಅಂಶವು ಸತ್ಯವಾಗಿರುತ್ತದೆ. ಇದಕ್ಕಾಗಿ ವಿಷಾದಿಸುತ್ತೇನೆ. ಇನ್ನು ಮುಂದೆ ಹೀಗಾಗದಂತೆ ನೋಡಿಕೊಳ್ಳುತ್ತೇನೆ.”

ಮೂರು ಸಲ ಓದಿದೆ. ಮೂರನೇ ಸಲ ಅಕ್ಷರಗಳು ಮಂಜಾದವು, ಕನ್ನಡಕ ಒರೆಸಿಕೊಂಡೆ. ಸಿದ್ದರಾಜು ತನ್ನ ಮೇಜಿನಲ್ಲಿ ತಲೆ ತಗ್ಗಿಸಿ ಲಕೋಟೆಗಳಿಗೆ ಗೋಂದು ಹಚ್ಚುತ್ತಿದ್ದ. ನಾನು ‘ದೂರುದಾರರ ಹೆಸರು ವಿಳಾಸ ಇರುವುದಿಲ್ಲ, ಆಪಾದನೆಗೆ ಆಧಾರ ಇರುವುದಿಲ್ಲ’ ಎಂದು ಟಿಪ್ಪಣಿ ಬರೆದು ಕಡತ ಒಳಗೆ ತೆಗೆದುಕೊಂಡು ಹೋದೆ. ಮೇಡಂ ಓದಿ, “ಇದೇನ್ರೀ ಐದನೇದು? ಯಾರ್ರೀ ಆ ಸಹೋದ್ಯೋಗಿ?” ಎಂದರು. “ಪತ್ತೆಯಾಗಿಲ್ಲ ಮೇಡಂ” ಎಂದೆ. ಅವರು ಕನ್ನಡಕದ ಮೇಲಿಂದ ನನ್ನನ್ನು ನೋಡಿದರು, ಹಸಿರು ಟ್ಯಾಗ್ ನೋಡಿದರು, ಮತ್ತೆ ನನ್ನನ್ನು ನೋಡಿ ‘ಮುಕ್ತಾಯಗೊಳಿಸಿ’ ಎಂದು ಸಹಿ ಹಾಕಿದರು.

ಹನ್ನೊಂದೂವರೆಗೆ ಸಿದ್ದರಾಜು, “ಬಾರ್ಲಾ” ಎಂದ. ಹೋದೆವು. “ರಸ ಮುಗಿದೋದ್ಮೇಲೂ ಮರದ ಹಿಂದಕ್ಕೆ ಹೋಗ್ತಿದ್ದೆಯಲ್ಲೋ?” ಎಂದು ಕೇಳಿಯೇಬಿಟ್ಟೆ. “ಬರೀ ಗಾಳಿ ಎಳ್ಕಂಡು ಬತ್ತಿದ್ದೆ ಕಣ್ಲಾ. ಜನ ಎಲ್ಲಾ ಅಂಗೆ ನೋಡ್ತಿದ್ರಲ್ಲ, ಮುಗುದೋಯ್ತು ಅಂತ ಯಾವ್ ಬಾಯಲ್ಲಿ ಏಳದು?” ಎಂದ. ಅಂದರೆ ಇಷ್ಟು ದಿನ ನಾನು ಹೊಟ್ಟೆಕಿಚ್ಚು ಪಟ್ಟದ್ದು ನರಸೀಪುರದ ಗಾಳಿಯ ಮೇಲೆ. ಸಿಗರೇಟಿಗೆ ಕೈ ಚಾಚಿದ ನನ್ನನ್ನು ಅವನು ತಡೆದ. “ಅದೂ ಬ್ಯಾಡ ಬುಡ್ಲಾ. ಇಬ್ರಿಗೂ ವಯಸ್ಸಾಯ್ತು, ಒಬ್ಬ ಮುಂಚೆ ಓಗ್ಬುಟ್ರೆ ಇನ್ನೊಬ್ಬ ಯಾರತ್ರ ಮಾತಾಡ್ತಾನೆ? ಪುಟ್ತಾಯಮ್ಮ, ಒಂದು ಬೈಟು ಕಾಫಿ ಕೊಡವ್ವ.” ಇಂಥ ಬಂಗಾರದಂಥ ಗೆಳೆಯನ ಮೇಲೆ ಎಡಗೈಯಲ್ಲಿ ಬರೆದೆನಲ್ಲ, ನಾನೂ ಒಬ್ಬ ಮನುಷ್ಯನಾ ಎಂದು ಮನಸ್ಸಿನಲ್ಲೇ ಕೆನ್ನೆಗೆ ಹೊಡೆದುಕೊಂಡೆ.

ಪುಟ್ಟತಾಯಮ್ಮ ಒಂದು ಕಾಫಿಯನ್ನು ಎರಡು ಲೋಟಕ್ಕೆ ಸುರಿದು ಮುಂದಿಟ್ಟಳು. ಸಿದ್ದರಾಜು ಅಭ್ಯಾಸಬಲದಿಂದ ಕೆಂಪು ಪೆನ್ನಿಗೆ ಕೈ ಹಾಕಿ, ನಕ್ಕು, ವಾಪಸು ಇಟ್ಟ. ನಾನೂ ನಕ್ಕೆ. ನಗುತ್ತಲೇ ಎರಡೂ ಲೋಟಗಳನ್ನು ಓರೆಗಣ್ಣಿನಲ್ಲಿ ನೋಡಿದೆ. ಅವನ ಲೋಟದಲ್ಲಿ ಒಂದು ಗುಟುಕು ಜಾಸ್ತಿ ಇತ್ತು. ನನ್ನ ಎಡಗೈ ಸಣ್ಣಗೆ ತುರಿಸಿತು.