ಜಾಜು ಬಳಿದ ಹೋತರಾಯರ ಸನ್ನಿಧಾನಕ್ಕೆ

ಗುಡೇಕೋಟೆಯ ಕುರುಚಲು ಗುಡ್ಡಗಳ ಹಿರಿಯರೂ, ಗಾಳೆಮ್ಮನವರ ಎಂಬತ್ತು ಕುರಿಗಳ ಏಕೈಕ ಮುಂದಾಳುವೂ, ಬರೀ ಗಡ್ಡದಿಂದಲೇ ಗೌರವ ಹುಟ್ಟಿಸುವವರೂ ಆದ ಮಾನ್ಯ ಹೋತರಾಯರೇ,

ಕುರಿಹಿಂಡಿಗೆ ಆಡಿನ ಕುಲದ ತಾವು ಮುಂದಾಳಾಗಿರುವುದು ಸರಿಯೇ ಎಂದು ಪ್ರಶ್ನಿಸಲು ನಾನು ಈ ಪತ್ರ ಬರೆಯುತ್ತಿಲ್ಲ. ಹೋತ ಮುಂದಿದ್ದರೆ ಹಿಂಡು ನೆಟ್ಟಗೆ ನಡೆಯುತ್ತದೆ ಎಂಬುದನ್ನು ಈ ಸೀಮೆಯ ಕುರಿಗಾರರೆಲ್ಲ ಒಪ್ಪುತ್ತಾರೆ, ನಾನೂ ಒಪ್ಪುತ್ತೇನೆ. ಕಳೆದ ಭಾನುವಾರ ತಮ್ಮ ಹಿಂಡಿನ ಕೊನೆಯಲ್ಲಿ ನೀಲಿ ಚಡ್ಡಿ ತೊಟ್ಟು, ಎದೆಗೆ ನಲವತ್ತೇಳನೆಯ ನಂಬರು ಸಿಕ್ಕಿಸಿಕೊಂಡು, ಏದುಸಿರು ಬಿಡುತ್ತ ಬಂದ ತಮ್ಮ ಎಂಬತ್ತೊಂದನೆಯ ಅನುಯಾಯಿ ನಾನೇ. ಹೆಸರು ಮೌನೇಶ್, ವಯಸ್ಸು ನಲವತ್ತಾರು, ಪ್ರೌಢಶಾಲೆಯ ದೈಹಿಕ ಶಿಕ್ಷಕ. ಹದಿನೆಂಟು ವರ್ಷಗಳಿಂದ ಮಕ್ಕಳನ್ನು ಓಡಿಸುತ್ತಿದ್ದೇನೆ. ಸ್ವತಃ ಓಡಿದ್ದು ಅದೇ ಮೊದಲು.

ಬೆಳಗಿನ ಪ್ರಾರ್ಥನೆಗೆ ತಡವಾಗಿ ಬಂದವರು ಮೈದಾನಕ್ಕೆ ಮೂರು ಸುತ್ತು ಹಾಕಬೇಕೆಂಬುದು ನಾನೇ ಮಾಡಿದ ನಿಯಮ. ಸಾಹೇಬರು ತಾವೊಮ್ಮೆ ಓಡಿ ತೋರಿಸಲಿ ಎಂದು ಒಂಬತ್ತನೆಯ ತರಗತಿಯವರು ಬೆನ್ನ ಹಿಂದೆ ಆಡಿಕೊಂಡದ್ದು ಕಿವಿಗೆ ಬಿದ್ದು, ನನಗೆ ಮೈಯೆಲ್ಲ ಉರಿದುಹೋಯಿತು. ಯುವಕ ಸಂಘದವರು ಏರ್ಪಡಿಸಿದ್ದ ಒಂಬತ್ತು ಕಿಲೋಮೀಟರಿನ ಗುಡ್ಡದ ಓಟಕ್ಕೆ ಅಂದೇ ಹೆಸರು ಕೊಟ್ಟೆ. ಎಂಟಕ್ಕೆ ಹೊರಟು ಹತ್ತರೊಳಗೆ ಇಳಿದು ಬರದಿದ್ದರೆ ಮೂರು ಸುತ್ತಿನ ಶಿಕ್ಷೆಯನ್ನೇ ರದ್ದು ಮಾಡುತ್ತೇನೆಂದು ಇಡೀ ಶಾಲೆಯ ಎದುರು ಘೋಷಿಸಿಯೂಬಿಟ್ಟೆ.

ಸಂಘದ ಕಾರ್ಯದರ್ಶಿ ಹಾಲೇಶಪ್ಪನವರು ದಾರಿ ತೋರಿಸಲು ಬಂಡೆಗಳಿಗೆ ಬಣ್ಣ ಬಳಿಯಬೇಕಿತ್ತು. ಬಣ್ಣ ಅರ್ಧಕ್ಕೇ ಮುಗಿದದ್ದರಿಂದ ಗಾಳೆಮ್ಮನವರ ಮನೆಯಲ್ಲಿ ಮಡಕೆಯ ತಳದಲ್ಲಿ ಉಳಿದಿದ್ದ ಜಾಜನ್ನು ತಂದು ಆ ಕೆಂಪನ್ನೇ ಬಳಿದರು. ಹೊರಡುವಾಗ, ಎಲ್ಲಿ ಕೆಂಪು ಕಂಡೀತೋ ಅದನ್ನೇ ಹಿಡಿದು ಹೋಗಿ, ತಲೆ ಕೆಡಿಸಿಕೊಳ್ಳಬೇಡಿ ಎಂದು ನಮಗೆಲ್ಲ ಹೇಳಿದರು. ಬೇರೆ ಹಿಂಡಿನೊಂದಿಗೆ ಬೆರೆಯದಿರಲೆಂದು ಗಾಳೆಮ್ಮನವರು ಅದೇ ಮಡಕೆಯ ಜಾಜನ್ನು ಹಿಂದಿನ ದಿನವೇ ಹೋತರಾಯರಾದ ತಮ್ಮ ಬೆನ್ನಿಗೂ ತಮ್ಮ ಅನುಯಾಯಿಗಳ ಬೆನ್ನಿಗೂ ಧಾರಾಳವಾಗಿ ಬಳಿದಿದ್ದರೆಂಬುದು ಹಾಲೇಶಪ್ಪನವರಿಗೆ ಹೊಳೆಯಲೇ ಇಲ್ಲ.

ಮೊದಲ ಏರಿನಲ್ಲೇ ಉಳಿದ ಓಟಗಾರರೆಲ್ಲ ಕಣ್ಮರೆಯಾದರು. ಕಾಲುಗಳು ನನ್ನ ಮಾತು ಕೇಳುವುದನ್ನು ಬಿಟ್ಟಿದ್ದವು, ಕನ್ನಡಕದ ಮೇಲೆ ಬೆವರು ಇಳಿಯುತ್ತಿತ್ತು, ಜಾಲಿಮುಳ್ಳು ಮೊಣಕಾಲಿನವರೆಗೆ ಗೀರಿತ್ತು. ಆಗ ಪೊದೆಗಳ ನಡುವೆ ಕೆಂಪು ಗುರುತುಗಳು ಕಂಡು ಜೀವ ಬಂದಂತಾಯಿತು. ಗುರುತು ಹೊತ್ತ ಬಂಡೆಗಳು ಮುಂದೆ ಮುಂದೆ ಸರಿಯುತ್ತಿದ್ದುದನ್ನು ನಾನು ಗಮನಿಸಲಿಲ್ಲವೆಂದಲ್ಲ. ಆ ಹೊತ್ತಿಗೆ ಇಡೀ ಗುಡ್ಡವೇ ಸರಿಯುತ್ತಿದ್ದುದರಿಂದ ಅದೇನೂ ವಿಶೇಷವೆನಿಸಲಿಲ್ಲ.

ತಮ್ಮ ನಾಯಕತ್ವವನ್ನು ಎಷ್ಟು ಹೊಗಳಿದರೂ ಸಾಲದು. ನಾನು ಕುಸಿಯಬೇಕೆನ್ನುವಷ್ಟರಲ್ಲಿ ತಾವು ಎಲೆ ಕಡಿಯಲು ನಿಲ್ಲುತ್ತಿದ್ದಿರಿ, ಹಿಂದೆ ಬಿದ್ದವನ ಕಡೆಗೊಮ್ಮೆ ತಿರುಗಿ ನೋಡುತ್ತಿದ್ದಿರಿ, ಒಮ್ಮೆಯೂ ಸೀಟಿ ಊದಲಿಲ್ಲ. ದೈಹಿಕ ಶಿಕ್ಷಣದ ತರಬೇತಿಯಲ್ಲಿ ನನಗೆ ಇದನ್ನೆಲ್ಲ ಯಾರೂ ಕಲಿಸಿರಲಿಲ್ಲ.

ಓಟಕ್ಕೆ ಸಂಬಂಧವೇ ಇಲ್ಲದ ಮೂರನೆಯ ಗುಡ್ಡದ ನೆತ್ತಿಯಲ್ಲಿ, ಬಂಡೆಯ ನೆರಳಿಗೆ ಕುಳಿತಿದ್ದ ಗಾಳೆಮ್ಮನವರು ನೀರು ಕೊಟ್ಟರು, ಅರ್ಧ ರೊಟ್ಟಿಯನ್ನೂ ಮುರಿದುಕೊಟ್ಟರು. ನಾನು ಉಸಿರು ಸುಧಾರಿಸಿಕೊಂಡ ಮೇಲೆ ಹೇಳಿದರು: “ದಿನಾ ನಸುಕಿನಾಗ ನನ್ನ ಮೊಮ್ಮಗಳು ಪಾಲಮ್ಮ ಹಿಂಡು ಇಲ್ಲೀತನ ಹೊಡಕೊಂಡು ಬರತಾಳ್ರಿ. ನಾ ರೊಟ್ಟಿ ಮಾಡ್ಕೊಂಡು ಬಂದಮ್ಯಾಲೆ ಇಳಿದು ಸಾಲಿಗೆ ಓಡತಾಳ. ತಡ ಆತಂತ ಅಲ್ಲಿ ಮೇಷ್ಟ್ರು ಮತ್ತ ಮೂರು ಸುತ್ತು ಓಡಸ್ತಾರಂತ. ಇವತ್ತು ಆ ಮೇಷ್ಟ್ರು ಓಡೋದು ನೋಡಾಕ ಹೋಗ್ಯಾಳ. ನೀವೂ ಸಾಲಿಯವರೇನ್ರಿ?”

ಕೊರಳಲ್ಲಿದ್ದ ಸೀಟಿಯನ್ನು ಬನಿಯನ್ನಿನೊಳಗೆ ಸರಿಸಿಕೊಂಡು, ಇಲ್ಲಮ್ಮ, ನಾನು ಕೃಷಿ ಇಲಾಖೆಯವನು ಎಂದೆ. ತಾವು ಅಲ್ಲೇ ಮೆಲುಕು ಹಾಕುತ್ತ ನನ್ನನ್ನೇ ನೋಡುತ್ತಿದ್ದುದು ತಮಗೆ ನೆನಪಿರಬಹುದು. ನಾನಂತೂ ಮರೆತಿಲ್ಲ.

ಊರಿಗೆ ಇಳಿದಾಗ ಒಂದೂವರೆ ಗಂಟೆ. ಶಾಮಿಯಾನ ಬಿಚ್ಚಿಯಾಗಿತ್ತು, ಒಂಬತ್ತನೆಯ ತರಗತಿಯವರು ಮಾತ್ರ ಬಿಸಿಲಲ್ಲಿ ಕಾದಿದ್ದರು. ಎಲ್ಲರೂ ಗಡಿಯಾರ ತೋರಿಸಿ ನಗುತ್ತಿದ್ದಾಗ ಪಾಲಮ್ಮ ಒಬ್ಬಳೇ ಎದ್ದು ನಿಂತು ಚಪ್ಪಾಳೆ ತಟ್ಟಿದಳು. ಆ ಚಪ್ಪಾಳೆಗೆ ನನಗಾದಷ್ಟು ನಾಚಿಕೆ ಅವರೆಲ್ಲರ ನಗೆಗೆ ಆಗಲಿಲ್ಲ. ಆದರೂ ಸೋಮವಾರ ಶಾಲೆಯಲ್ಲಿ, ದಾರಿ ತಪ್ಪಿದ ಓಟ ಓಟವೇ ಅಲ್ಲ, ಆದ್ದರಿಂದ ನಾನು ಸೋತೂ ಇಲ್ಲ, ನಿಯಮ ಹಾಗೇ ಮುಂದುವರಿಯುತ್ತದೆ ಎಂದು ವಾದಿಸಿದೆ.

ಆ ವಾದಕ್ಕೆ ಬಲ ಬೇಕಾಗಿರುವುದರಿಂದ, ಮೌನೇಶ್ ಎಂಬ ಓಟಗಾರನನ್ನು ದಾರಿ ತಪ್ಪಿಸಿದವನು ನಾನೇ ಎಂದು ತಾವು ಗೊರಸಿನ ಗುರುತು ಒತ್ತಿ ಒಂದು ಪ್ರಮಾಣಪತ್ರ ದಯಪಾಲಿಸಬೇಕು. ಜೊತೆಗೆ, ಇನ್ನು ಮುಂದೆ ತಮಗೂ ತಮ್ಮ ಹಿಂಡಿಗೂ ದಿನವೂ ಅರ್ಧ ಗಂಟೆ ಮೊದಲೇ ಹಸಿವಾಗುವಂತೆ ನೋಡಿಕೊಳ್ಳಬೇಕು. ಹಾಗಾದರೆ ಅಜ್ಜಿ ಮೊಮ್ಮಗಳಿಬ್ಬರೂ ಬೇಗ ಏಳುತ್ತಾರೆ, ಪಾಲಮ್ಮ ವೇಳೆಗೆ ಸರಿಯಾಗಿ ಬರುತ್ತಾಳೆ, ನಿಯಮವೂ ಉಳಿಯುತ್ತದೆ, ನನ್ನ ಮುಖವೂ ಉಳಿಯುತ್ತದೆ. ನಿಯಮ ಬದಲಿಸುವುದಕ್ಕಿಂತ ಎಂಬತ್ತು ಕುರಿಗಳ ಹೊಟ್ಟೆ ಬದಲಿಸುವುದು ಸುಲಭವೆಂದು ಸರ್ಕಾರಿ ನೌಕರನಾದ ನನಗೆ ತೋರುತ್ತದೆ.

ತಮ್ಮ ಹಿಂಡಿನ ಕೊನೆಯವನೂ ತಮ್ಮ ವಿಶ್ವಾಸಿಯೂ ಆದ,
ಮೌನೇಶ್, ದೈಹಿಕ ಶಿಕ್ಷಕ

ವಿ.ಸೂ.: ಪತ್ರವನ್ನು ಅಂಚೆಗೆ ಹಾಕುವ ಮೊದಲೇ, ಇಂದು ಬೆಳಿಗ್ಗೆ ಪಾಲಮ್ಮ ಮತ್ತೆ ತಡವಾಗಿ ಬಂದಳು. ನಾನು ಬಾಯಿ ತೆರೆಯುವ ಮುನ್ನವೇ ಮೂರು ಸುತ್ತು ಮುಗಿಸಿ ಎದುರು ನಿಂತಳು. ಉಸಿರು ಸ್ವಲ್ಪವೂ ಏರಿರಲಿಲ್ಲ. “ಸರ, ಕಾಲು ಈಗ ಹೆಂಗದಾವ್ರಿ? ನಮ್ಮಜ್ಜಿ ಕೇಳ್ಕೊಂಡು ಬಾ ಅಂದಾಳ” ಎಂದಳು. ಹಾಗಾಗಿ ಮೇಲಿನ ಎರಡೂ ಮನವಿಗಳನ್ನು ಹಿಂತೆಗೆದುಕೊಂಡಿದ್ದೇನೆ, ತಾವು ಎಂದಿನ ಹೊತ್ತಿಗೇ ಮೇಯಬಹುದು. ಮೂರು ಸುತ್ತಿನ ನಿಯಮವನ್ನು ಮಧ್ಯಾಹ್ನವೇ ರದ್ದು ಮಾಡಿದೆ. ಕಾರಣ ಕೇಳಿದ ಮುಖ್ಯೋಪಾಧ್ಯಾಯರಿಗೆ ಮಾತ್ರ, ಕಾಲು ನೋವು ಸಾರ್, ಮೈದಾನದಲ್ಲಿ ನಿಲ್ಲಲು ಆಗುವುದಿಲ್ಲ ಎಂದು ಹೇಳಿದ್ದೇನೆ.