ಹರಿವಾಣದ ಗಿಟಾರು

ಗಿಟಾರ್ ಮಾಡುವುದು ಅಂಥ ದೊಡ್ಡ ವಿದ್ಯೆಯೇನಲ್ಲ ಎಂಬುದು ನನಗೆ ಅದನ್ನು ಮೊದಲ ಸಲ ನೋಡಿದಾಗಲೇ ಗೊತ್ತಾಗಿಹೋಯಿತು. ಒಂದು ಉದ್ದನೆಯ ಪಟ್ಟಿ, ಅದರ ಮೇಲೆ ಆರು ತಂತಿ, ತಂತಿ ಬಿಗಿಯಲು ಆರು ಬಿರಡೆ. ಇಷ್ಟೇ! ಕಾರ್ಖಾನೆಯ ಡ್ರಾಯಿಂಗ್ ಆಫೀಸಿನಲ್ಲಿ ಕೂತು ದಿನವಿಡೀ ದೊಡ್ಡ ದೊಡ್ಡ ಯಂತ್ರಗಳ ನಕ್ಷೆ ಬರೆಯುವ ನನಗೆ ಇದೊಂದು ಲೆಕ್ಕವೇ? ಆ ಯಂತ್ರಗಳನ್ನು ಮಾಡುತ್ತಿದ್ದವರು ಬೇರೆಯವರು ಎಂಬ ಸಣ್ಣ ವಿಷಯ ಆಗ ನನ್ನ ಗಮನಕ್ಕೆ ಬರಲಿಲ್ಲ.

ಅರವತ್ತರ ದಶಕದ ಮಾತು. ನಾವು ಜಯನಗರಕ್ಕೆ ಬಂದು ಸ್ವಲ್ಪ ಕಾಲವಾಗಿತ್ತು. ಮನೆಗಿಂತ ಖಾಲಿ ಸೈಟುಗಳೇ ಹೆಚ್ಚು. ಒಂದು ಸಂಜೆ ಬಸವನಗುಡಿಯಲ್ಲಿ ಯಾರದೋ ಮದುವೆಯ ಆರತಕ್ಷತೆಗೆ ಹೋಗಿದ್ದೆವು. ಅಲ್ಲಿ ಕೋಟು ಹಾಕಿಕೊಂಡ ಒಬ್ಬ ತರುಣ ಗಿಟಾರನ್ನು ಮಗುವಿನಂತೆ ತೊಡೆಯ ಮೇಲೆ ಅಡ್ಡ ಮಲಗಿಸಿಕೊಂಡು, ಎಡಗೈಯಲ್ಲಿ ಒಂದು ಉಕ್ಕಿನ ತುಂಡು ಹಿಡಿದು ತಂತಿಗಳ ಮೇಲೆ ಜಾರಿಸುತ್ತಿದ್ದ. ಸ್ವರ ಎಲ್ಲೂ ತುಂಡಾಗದೆ, ಬಿಸಿ ದೋಸೆಯ ಮೇಲೆ ಬೆಣ್ಣೆ ಹರಿದ ಹಾಗೆ ಹರಿಯುತ್ತಿತ್ತು. ನನ್ನ ಹೆಂಡತಿ ವಿಶಾಲು ಐಸ್‌ಕ್ರೀಂ ತಿನ್ನುವುದನ್ನೇ ನಿಲ್ಲಿಸಿಬಿಟ್ಟಳು.

"ಎಷ್ಟು ಚೆನ್ನಾಗಿ ನುಡಿಸ್ತಾನೆ ಅಲ್ಲಾರೀ!" ಅಂದಳು. ಅವಳ ಕಣ್ಣಂಚು ಒದ್ದೆಯಾಗಿತ್ತು.

ಮದುವೆಯಾಗಿ ನಾಲ್ಕು ವರ್ಷ. ನಾನು ಮಾಡಿದ ಯಾವ ಕೆಲಸಕ್ಕೂ ಆ ಕಣ್ಣು ಒದ್ದೆಯಾಗಿರಲಿಲ್ಲ. ಹೊಗೆಯಿಂದ ಆಗಿದ್ದರೆ ಅದು ಬೇರೆ.

"ಅದೇನ್ ಮಹಾ," ಅಂದೆ. "ನಾನೇ ಒಂದು ಮಾಡ್ತೀನಿ ನೋಡ್ತಿರು. ಮರದ್ದಲ್ಲ, ಪೂರ್ತಿ ಲೋಹದ್ದು!"

"ಕೊಂಡ್ಕೊಂಡ್ರೆ ಆಗಲ್ವೇ?"

"ಕೊಳ್ಳೋದು ಯಾರು ಬೇಕಾದ್ರೂ ಕೊಳ್ತಾರೆ!"

ಮೊದಲು ಬೇಕಾದದ್ದು ಒಂದು ಗಟ್ಟಿ ಕಬ್ಬಿಣದ ಪಟ್ಟಿ. ಊರೆಲ್ಲ ಯಾಕೆ ಅಲೆಯಬೇಕು? ನಮ್ಮ ಹಜಾರದ ಕಬ್ಬಿಣದ ಮಂಚಕ್ಕೆ ಅಂಥವು ಎರಡಿದ್ದವು. ಒಂದನ್ನು ಬಿಚ್ಚಿಕೊಂಡು, ಆ ಜಾಗಕ್ಕೆ ಒಂದು ಬಿದಿರಿನ ಗಳವನ್ನು ಹಗ್ಗದಿಂದ ಕಟ್ಟಿ, ಮೇಲೆ ಹಾಸಿಗೆ ಹಾಸಿದೆ. ಹಾಸಿಗೆ ಹಾಸಿದ ಮೇಲೆ ಮಂಚ ಮೊದಲಿಗಿಂತ ಚೆನ್ನಾಗಿಯೇ ಕಾಣುತ್ತಿತ್ತು!

ಬರೀ ಪಟ್ಟಿಯಿಂದ ನಾದ ಬರುವುದಿಲ್ಲ. ತುದಿಯಲ್ಲಿ ಏನಾದರೂ ಅಗಲವಾಗಿ ಮೊಳಗುವಂಥದ್ದು ಬೇಕು. ಅಡುಗೆಮನೆಯ ಪಾತ್ರೆಗಳನ್ನೆಲ್ಲ ಒಂದೊಂದಾಗಿ ಬೆರಳಿನಿಂದ ತಟ್ಟಿ, ಕಿವಿಗೊಟ್ಟು ಕೇಳಿದೆ. ವಿಶಾಲುವಿನ ತವರಿನಿಂದ ಬಂದ ಹಿತ್ತಾಳೆಯ ಹರಿವಾಣ ಎಲ್ಲವನ್ನೂ ಸೋಲಿಸಿತು. ಅಂಥ ನಾದ! ಎಂಟು ತೂತು ಕೊರೆದು, ಬೋಲ್ಟು ಹಾಕಿ ಪಟ್ಟಿಗೆ ಬಿಗಿದು, ಮೇಲೆ ಆರು ತಂತಿ ಎಳೆದೆ.

ಮಂಗಳವಾರ ಪೂಜೆಯ ಹೊತ್ತಿಗೆ ಅವಳು ಹುಡುಕಿದಳು. "ರೀ, ನಮ್ಮ ಹರಿವಾಣ ಎಲ್ಲಿ?"

"ಅದು ಸಂಗೀತಕ್ಕೆ ಸಮರ್ಪಣೆಯಾಗಿದೆ," ಅಂದೆ ಗಂಭೀರವಾಗಿ.

ಅವಳು ಬಂದು ನೋಡಿದಳು. ಆರು ತೂತನ್ನು ಮನಸ್ಸಿನಲ್ಲೇ ಎಣಿಸುವುದು ತುಟಿಯಲ್ಲಿ ಕಂಡಿತು, ಏಳನೆಯದಕ್ಕೆ ಎಣಿಸುವುದನ್ನು ಬಿಟ್ಟಳು. ಬೈಯಲಿಲ್ಲ. ತಂತಿಯೊಂದನ್ನು ಬೆರಳಿನಲ್ಲಿ ಮೀಟಿ, ತಲೆ ವಾರೆ ಮಾಡಿ ಕೇಳಿದಳು. "ಇದು ನಮ್ಮ ಗೋಟುವಾದ್ಯದ ಹಾಗೇ ಅಲ್ವೇ? ಅದ್ರಲ್ಲೂ ಮರದ ತುಂಡು ಜಾರಿಸ್ತಾರೆ. ಈ ಎರಡನೇ ತಂತಿ ಒಂಚೂರು ಇಳಿಸಿ, ಅಪಸ್ವರ."

ವಿಶಾಲು ಮದುವೆಗೆ ಮುಂಚೆ ಸಂಗೀತ ಕಲಿತವಳು. ಹೆಣ್ಣು ನೋಡಲು ಹೋದಾಗ ಒಂದು ದೇವರನಾಮ ಹಾಡಿದ್ದಳು. ಆಮೇಲೆ ಅವಳ ಹಾಡು ಏನಿದ್ದರೂ ಒಗ್ಗರಣೆಯ ಸದ್ದಿನ ಹಿಂದೆ. ಆದರೂ ನಾನು ಬಿಟ್ಟುಕೊಡಲಿಲ್ಲ.

"ವಿಶಾಲೂ, ಇದು ಎಲೆಕ್ಟ್ರಿಕ್! ಇದಕ್ಕೆ ಅಪಸ್ವರ ಇರಲ್ಲ."

ಬಿರಡೆಗಳ ಬದಲು ಬೋಲ್ಟು ನಟ್ಟು ಹಾಕಿದ್ದೆ. ಶ್ರುತಿ ಮಾಡಲು ಸ್ಪ್ಯಾನರು. ಜಾರಿಸಲು ಸೈಕಲ್ ಹ್ಯಾಂಡಲಿನ ತುಂಡು. ಸದ್ದು ಹಿಡಿಯಲು, ಸಿಟಿ ಮಾರ್ಕೆಟ್ಟಿನ ಹತ್ತಿರ ಗುಜರಿಯಲ್ಲಿ ಸಿಕ್ಕ ಮಿಲಿಟರಿಯವರ ಹಳೆಯ ಹೆಡ್‌ಫೋನಿನ ಒಂದು ಕಿವಿ. ಅದನ್ನು ಹರಿವಾಣದ ಹಿಂದೆ ಅಂಟಿಸಿ, ತಂತಿ ಎಳೆದು, ನಮ್ಮ ರೇಡಿಯೋದ ಹಿಂದೆ ಗ್ರಾಮಫೋನಿಗೆಂದು ಇದ್ದ ತೂತಿಗೆ ಸಿಕ್ಕಿಸಿದೆ. ವಿಶಾಲುವನ್ನು ಕರೆದು ಎದುರಿಗೆ ಕೂರಿಸಿದೆ. ಕೋಟು ಹಾಕಿಕೊಂಡೆ. ರೇಡಿಯೋ ಹಾಕಿ ಗಿಟಾರನ್ನು ಮುಟ್ಟಿದೆ.

ಮುಟ್ಟಿದ್ದಷ್ಟೇ ನೆನಪು. ಮರುಕ್ಷಣ ನಾನು ಬಾಗಿಲ ಹತ್ತಿರ ಇದ್ದೆ!

"ಇದೇನಾ ಎಲೆಕ್ಟ್ರಿಕ್ ಅಂದ್ರೆ?" ಅಂದಳು ವಿಶಾಲು, ನನ್ನನ್ನು ಎಬ್ಬಿಸುತ್ತ. ನಮ್ಮ ರೇಡಿಯೋದ ಒಳಗಿನ ಕರೆಂಟು ಆ ತಂತಿಯ ದಾರಿ ಹಿಡಿದು ನೇರ ಹರಿವಾಣಕ್ಕೆ ಬಂದಿತ್ತು. ಪ್ಲಗ್ಗನ್ನು ತಿರುಗಿಸಿ ಹಾಕಿದ್ದಕ್ಕೆ ಸುಮ್ಮನಾಯಿತು. ಆದರೂ ಅವಳು ನನಗೆ ರಬ್ಬರ್ ಚಪ್ಪಲಿ ತೊಡಿಸಿ, ಮರದ ಮಣೆ ಹಾಕಿ ಕೂರಿಸಿದ ಮೇಲೆಯೇ ಮುಂದಕ್ಕೆ ಬಿಟ್ಟಳು.

ಈ ಸಲ ಸದ್ದು ಬಂತು. ಮೊದಲು "ಗುಂಯ್" ಎಂದು ಒಂದೇ ಸಮನೆ ಒಂದು ಝೇಂಕಾರ. ಅದರ ಮೇಲೆ ನಾನು ಹ್ಯಾಂಡಲಿನ ತುಂಡು ಜಾರಿಸಿದೆ. ಬೇಗೂರು ಕಡೆಯಿಂದ ಸೊಪ್ಪು ಹೊತ್ತು ತರುತ್ತಿದ್ದ ಮುನಿಯಮ್ಮ ಗೇಟಿನಲ್ಲೇ ಬುಟ್ಟಿ ಇಳಿಸಿ ಓಡಿ ಬಂದಳು.

"ಅಕ್ಕೋ! ಎಲ್ಲಿ ಸಿಕ್ಕಾಕ್ಕೊಂಡೈತೆ ಕರ?"

"ಕರ ಅಲ್ಲ ಮುನಿಯಮ್ಮ, ಯಜಮಾನರು ಸಂಗೀತ ಮಾಡ್ತಿದಾರೆ," ಅಂದಳು ವಿಶಾಲು.

ಮುನಿಯಮ್ಮ ನನ್ನನ್ನೂ ಹರಿವಾಣವನ್ನೂ ಮರುಕದಿಂದ ನೋಡಿ, ಒಂದು ಕಟ್ಟು ಕೊತ್ತಂಬರಿ ಸುಮ್ಮನೆ ಕೊಟ್ಟು ಹೋದಳು.

ಇಷ್ಟರಲ್ಲೇ ಮುಗಿದಿದ್ದರೆ ಮರ್ಯಾದೆ ಮನೆಯೊಳಗೇ ಉಳಿಯುತ್ತಿತ್ತು. ಆದರೆ ನಾನು ನಮ್ಮ ಬಡಾವಣೆ ಸಂಘದ ಅಧ್ಯಕ್ಷರಾದ ಶಾಮಣ್ಣನವರ ಹತ್ತಿರ ಬಾಯಿ ಬಿಟ್ಟಿದ್ದೆ. ನಿವೃತ್ತ ಹೆಡ್‌ಮಾಸ್ಟರು, ಕಿವಿ ಸ್ವಲ್ಪ ಮಂದ, ಮನಸ್ಸು ಬಹಳ ದೊಡ್ಡದು. ಗಣೇಶನ ಪೆಂಡಾಲಿನಲ್ಲಿ ಕೊಳಲು ನುಡಿಸಬೇಕಿದ್ದವರಿಗೆ ಜ್ವರ ಬಂದಿತ್ತು. ಶಾಮಣ್ಣನವರು ನೇರ ನಮ್ಮ ಮನೆಗೆ ಬಂದರು.

"ಮೂರ್ತಿ, ನಾಳೆ ಸಾಯಂಕಾಲ ನಿಮ್ಮದೇ ಕಾರ್ಯಕ್ರಮ!" ಎನ್ನುತ್ತ ಮಂಚದ ಮೇಲೆ ಕೂತರು.

ಕೂತರು ಎಂದರೆ, ಕೂರಲು ಹೋದರು. ಬಿದಿರು ಫಟಾರೆಂದಿತು. ಹಾಸಿಗೆ, ದಿಂಬು, ಶಾಮಣ್ಣನವರು ಎಲ್ಲರೂ ಒಟ್ಟಿಗೆ ನೆಲ ಸೇರಿದರು. ನಾನೂ ವಿಶಾಲುವೂ ಒಂದೊಂದು ಕೈ ಹಿಡಿದು ಎತ್ತುವಾಗಲೂ ಆ ಪುಣ್ಯಾತ್ಮರು ಕೇಳಿದ್ದು ಇಷ್ಟೇ: "ಆರೂವರೆಗೆ ಆಗುತ್ತೆ ತಾನೆ?"

ಅಂಥವರಿಗೆ ಇಲ್ಲ ಅನ್ನುವುದು ಹೇಗೆ?

ಮಾರನೆಯ ದಿನ ಪೆಂಡಾಲು ತುಂಬಿತ್ತು. ಮುಂದಿನ ಸಾಲಿನಲ್ಲಿ ಶಾಮಣ್ಣನವರು ಸೊಂಟದ ಹಿಂದೆ ಎರಡು ದಿಂಬು ಇಟ್ಟುಕೊಂಡು ಕೂತಿದ್ದರು. "ನಮ್ಮವರೇ ಆದ ಶ್ರೀ ಮೂರ್ತಿಯವರಿಂದ, ಸ್ವಂತ ಕೈಯಲ್ಲಿ ನಿರ್ಮಿಸಿದ ಲೋಹವಾದ್ಯದ ಕಚೇರಿ" ಎಂದು ಘೋಷಣೆಯಾಯಿತು. ಚಪ್ಪಾಳೆ! ಮೈಕ್ ಸೆಟ್ಟಿನವನು ನನ್ನ ತಂತಿಯನ್ನು ತನ್ನ ಯಂತ್ರಕ್ಕೆ ಸಿಕ್ಕಿಸಿದ. ಅವನ ಹಾರ್ನುಗಳು ಬೀದಿಯ ನಾಲ್ಕೂ ಕಂಬದ ಮೇಲಿದ್ದವು. "ಗುಂಯ್" ಎಂಬ ಝೇಂಕಾರ ಇಡೀ ಬ್ಲಾಕಿಗೆ ಹಬ್ಬಿತು. ವಿಶಾಲು ಎರಡು ಸ್ಪ್ಯಾನರು ಹಿಡಿದು ನನ್ನ ಪಕ್ಕದಲ್ಲಿ, ಹರಿವಾಣಕ್ಕೆ ಒತ್ತಿಕೊಂಡೇ ಕೂತಿದ್ದಳು.

ಕೈ ಎತ್ತಿ, ಮೊದಲ ತಂತಿ ಮೀಟಿದೆ. ಅದು ಸಡಿಲಾಗಿ ಹರಿವಾಣದ ಮೇಲೆ ಮಲಗಿತು.

ಮುಖದಲ್ಲಿ ಕಲಾವಿದರ ನಗು ಹಾಗೇ ಇಟ್ಟುಕೊಂಡು, ತುಟಿ ಅಲುಗದಂತೆ ಪಿಸುಗುಟ್ಟಿದೆ. "ಲೇ, ಸ್ಪ್ಯಾನರ್ ಕೊಡೇ."

ಜನ ಯಾಕೋ ನಕ್ಕರು. ಪ್ರೋತ್ಸಾಹವಿರಬೇಕು ಎಂದುಕೊಂಡೆ.

"ಯಾವ್ದು, ಚಿಕ್ಕದೋ ದೊಡ್ಡದೋ?"

"ಯಾವುದೋ ಒಂದು ಕೊಡೇ ಮಾರಾಯ್ತಿ! ಎಲ್ಲಾ ಈ ಶಾಮಣ್ಣನಿಂದ ಆಗಿದ್ದು. ಮುರ್ಕೊಂಡು ಬಿದ್ರೂ ಬಿಡ್ಲಿಲ್ಲವಲ್ಲ ಆಸಾಮಿ!"

ನಗು ಜೋರಾಯಿತು. ಶಾಮಣ್ಣನವರು ತಟ್ಟನೆ ನೆಟ್ಟಗೆ ಕೂತರು. ಆ ವರ್ಷ ಅವರ ಕಿವಿಗೆ ಅಷ್ಟು ಸ್ಪಷ್ಟವಾಗಿ ಬಿದ್ದ ಮೊದಲ ವಾಕ್ಯ ಅದೇ ಇರಬೇಕು.

"ಮೆತ್ತಗೆ ಮಾತಾಡಿ, ಕೇಳಿಸುತ್ತೆ."

"ಯಾರಿಗೆ ಕೇಳಿಸುತ್ತೆ? ಅವರಿಗೆ ಪಕ್ಕದಲ್ಲಿ ಪಟಾಕಿ ಹೊಡೆದ್ರೂ ಕೇಳಿಸಲ್ಲ!"

ಜನ ಹೊಟ್ಟೆ ಹಿಡಿದುಕೊಂಡರು. ನನಗೆ ಅಳು ಬರುವಂತಾಯಿತು. ನಟ್ಟು ತಿರುಗಿಸಿದಷ್ಟೂ ಬೋಲ್ಟೂ ಜೊತೆಗೇ ತಿರುಗುತ್ತಿತ್ತು. ಬೆವರು ಹರಿವಾಣದ ಮೇಲೆ ಟಪ್ ಟಪ್ ಎಂದು ಬೀಳುತ್ತಿತ್ತು.

"ನಂಗ್ ಬೇಕಿತ್ತಾ ವಿಶಾಲೂ ಇದೆಲ್ಲ?" ಅಂದೆ. "ಅವತ್ತು ಆ ಕೋಟಿನವನು ನುಡಿಸ್ದಾಗ ನಿನ್ನ ಕಣ್ಣು ಒದ್ದೆ ಆಯ್ತಲ್ಲ. ಒಂದು ಸಲ ನಂಗೂ ನೀನು ಹಾಗೆ ಚೆನ್ನಾಗಿದೆ ಅನ್ಲಿ ಅಂತ ತಾನೆ ಇಷ್ಟೆಲ್ಲ ಮಾಡಿದ್ದು..."

ನಗು ಥಟ್ಟನೆ ನಿಂತಿತು. ಹೆಂಗಸರ ಕಡೆಯಿಂದ ಯಾರೋ "ಅಯ್ಯೋ ಪಾಪ" ಅಂದರು. ಆ ನಿಶ್ಶಬ್ದದಲ್ಲಿ, ದೂರದ ಕಂಬದ ಹಾರ್ನಿನಿಂದ ನನ್ನದೇ ದನಿ ನನ್ನ ಕಿವಿಗೆ ಬಿತ್ತು: "ಇಷ್ಟೆಲ್ಲ ಮಾಡಿದ್ದು..."

ನಾನು ಮಾಡಿದ್ದು ಗಿಟಾರ್ ಅಲ್ಲ. ಮೈಕು! ಹೆಡ್‌ಫೋನಿನ ಕಿವಿ ತಂತಿಗಳ ಸದ್ದನ್ನು ಹಿಡಿಯುವ ಬದಲು ಹರಿವಾಣಕ್ಕೆ ಬಿದ್ದ ಮಾತನ್ನೆಲ್ಲ ಹಿಡಿದು ಬೀದಿಗೆ ಹಂಚುತ್ತಿತ್ತು. ಮನೆಯಲ್ಲಿ ರೇಡಿಯೋ ಮೂಗಿನ ಕೆಳಗೇ ಇದ್ದದ್ದರಿಂದ ನಮ್ಮ ಮಾತು ಅದರಲ್ಲೂ ಬರುತ್ತಿದೆಯೆಂದು ತಿಳಿದಿರಲಿಲ್ಲ. ಈಗ ನಮ್ಮ ಸಂಸಾರ ನಾಲ್ಕು ಹಾರ್ನಿನಲ್ಲಿ ಬಿತ್ತರವಾಗಿತ್ತು. ಭೂಮಿ ಬಾಯಿ ಬಿಟ್ಟಿದ್ದರೆ ಗಿಟಾರ್ ಸಮೇತ ಇಳಿಯುತ್ತಿದ್ದೆ. ಎದ್ದು ಓಡೋಣವೆಂದರೆ ಕಾಲು ಜೋಮು ಹಿಡಿದಿತ್ತು.

ವಿಶಾಲು ನನ್ನ ಕೈಯಿಂದ ಸ್ಪ್ಯಾನರನ್ನು ಮೆಲ್ಲಗೆ ತೆಗೆದುಕೊಂಡಳು. ನನ್ನ ತೊಡೆಯ ಮೇಲಿದ್ದ ಆ ಕಬ್ಬಿಣದ ರಾಶಿಯನ್ನು ತನ್ನ ಕಡೆಗೆ ಎಳೆದುಕೊಂಡಳು. ಒಂದು ಕ್ಷಣ ಕಣ್ಣು ಮುಚ್ಚಿ ಆ "ಗುಂಯ್" ಸದ್ದನ್ನು ಕೇಳಿದಳು. ನಾನು ವಾರಗಟ್ಟಲೆ ಬಟ್ಟೆ ಸುತ್ತಿ, ತಂತಿ ಬದಲಿಸಿ ನಿಲ್ಲಿಸಲು ಒದ್ದಾಡಿದ್ದ ಸದ್ದು ಅದು. ಅವಳು ಉಳಿದ ತಂತಿಗಳಲ್ಲಿ ಎರಡನ್ನು ಬಿಗಿದು, ಸಡಿಲಿಸಿ, ಆ ಸದ್ದಿಗೇ ಕೂಡಿಸಿದಳು. ನನ್ನ ಬೋಲ್ಟುಗಳು ಅವಳ ಮಾತು ಕೇಳಿದವು! ಆಮೇಲೆ ತಂಬೂರಿ ಮೀಟುವ ಹಾಗೆ ಅವನ್ನು ಮೀಟುತ್ತ, ಹರಿವಾಣದ ಮೇಲೆ ಬಾಗಿ, ಹಾಡಿದಳು.

ದೇವರನಾಮ. ಮೊದಲ ಸಾಲಿಗೆ ದನಿ ಸ್ವಲ್ಪ ನಡುಗಿತು. ಎರಡನೆಯದಕ್ಕೆ ಗಟ್ಟಿಯಾಗಿ ನೆಲೆ ನಿಂತಿತು. ಹಿತ್ತಾಳೆಯೊಳಗಿಂದ ಹೊರಟ ಆ ದನಿಗೆ ಎಂಥದೋ ಗಂಟೆಯ ಕಂಪನ ಕೂಡಿಕೊಂಡಿತ್ತು. ಸೈಕಲ್ಲಿನಲ್ಲಿ ಹೋಗುತ್ತಿದ್ದವರು ಇಳಿದು ನಿಂತರು. ಮೈಕ್ ಸೆಟ್ಟಿನವನು ಬೀಡಿ ಆರಿಸಿದ. ನಾಲ್ಕು ವರ್ಷ ಒಂದೇ ಸೂರಿನಡಿ ಇದ್ದು ನಾನು ಇದನ್ನು ಕೇಳಿರಲಿಲ್ಲ. ನಾನು ಕೋಟಿನವನನ್ನು ಮೀರಿಸಲು ಹೊರಟಿದ್ದೆ. ಮನೆಯಲ್ಲಿ ಆ ಕೋಟಿನವನೇ ಎದ್ದು ನಿಲ್ಲುವಂತೆ ಮಾಡಬಲ್ಲವಳು ಹುಳಿ ಕುದಿಸುತ್ತಿದ್ದಳು! ಈಗ ಕಣ್ಣು ಒದ್ದೆಯಾದದ್ದು ನನ್ನದು. ಹೊಗೆಯೂ ಇರಲಿಲ್ಲ.

ಹಾಡು ಮುಗಿಯಿತು. ಜನ ಇನ್ನೊಂದು ಎಂದರು. ಇನ್ನೊಂದು ಮುಗಿಯಿತು, ಮತ್ತೊಂದು ಎಂದರು. ಮಂಗಳ ಹಾಡುವ ಹೊತ್ತಿಗೆ ಶಾಮಣ್ಣನವರು ಸೊಂಟ ಹಿಡಿದುಕೊಂಡೇ ವೇದಿಕೆ ಹತ್ತಿ ಬಂದು ಅವಳಿಗೆ ಕೈಮುಗಿದರು.

"ಮಗೂ, ಪೂರ್ತಿ ಕೇಳಿಸ್ತಮ್ಮ. ಒಂದಕ್ಷರ ಬಿಡದ ಹಾಗೆ."

ನಾನು ಅವರ ಕಾಲು ಹಿಡಿಯಲು ಬಗ್ಗಿದೆ. "ಸಾರ್, ಆ ಮಾತು ನಾನು..."

"ಅದೂ ಕೇಳಿಸ್ತು," ಅಂದರು. ಆಮೇಲೆ ನನ್ನ ಭುಜ ತಟ್ಟಿ, ಅಷ್ಟೂ ಹಲ್ಲು ಬಿಟ್ಟು ನಕ್ಕರು. "ನನ್ನ ವಿಷಯ ಬಿಡಿ ಮೂರ್ತಿ. ಹೆಂಡತಿಗೆ ಆ ಮಾತು ಹೇಳೋಕೆ ಇಷ್ಟೊಂದು ಕಬ್ಬಿಣ ಬೇಕಿತ್ತೇ?"

ಅಲ್ಲಿಂದ ಮುಂದೆ ವಿಶಾಲುವಿಗೆ ಕರೆ ಬರಲು ಶುರುವಾಯಿತು. ರಾಮನವಮಿ, ಶ್ರಾವಣ ಶನಿವಾರ, ಬನಶಂಕರಿ ಕಡೆಯ ಭಜನಾ ಮಂಡಲಿ. ವರ್ಷ ಕಳೆಯುವುದರಲ್ಲಿ ಅವಳು ಮತ್ತೆ ಪಾಠಕ್ಕೂ ಸೇರಿದಳು. ಬೆಳಗಿನ ಸಾಧಕಕ್ಕೆ ಅವಳು ಕೂತಾಗ ಕಾಫಿ ಮಾಡುವ ಕೆಲಸ ನನ್ನದಾಯಿತು. ಅದರಲ್ಲೂ ನಾನು ಕೆಲವು ಪ್ರಯೋಗ ಮಾಡಿದ್ದುಂಟು, ಅದು ಬೇಡ.

ಒಂದು ದಿನ ಆ ಭಜನಾ ಮಂಡಲಿಯ ಕಾರ್ಯದರ್ಶಿ ಮನೆಗೆ ಬಂದ. ವಿಶಾಲುವಿನ ಹತ್ತಿರ ಎಲ್ಲ ಮಾತಾಡಿ ಮುಗಿಸಿ, ಹೊರಡುವಾಗ ನನ್ನ ಕಡೆ ತಿರುಗಿದ.

"ಸಾರ್, ತಾವೂ ಬರ್ಲೇಬೇಕು. ಅವತ್ತು ಅಕ್ಕ ಹಾಡ್ವಾಗ ತಾವು ಪಕ್ಕದಲ್ಲಿ ಕೂತಿದ್ರಲ್ಲ, ಅದೇ ಥರ ವೇದಿಕೆ ಮೇಲೆ."

ನನ್ನ ಎದೆ ಉಬ್ಬಿತು. ಕೊನೆಗೂ ಕಲೆಯನ್ನು ಗುರುತಿಸುವ ಒಬ್ಬ ಸಿಕ್ಕಿದ! "ಆಗ್ಲಪ್ಪ, ಬರೋಣ. ನಾನು ಏನು ಮಾಡ್ಬೇಕು?"

"ಏನೂ ಮಾಡ್ಬೇಡಿ ಸಾರ್," ಅಂದ ಅವನು ಗಾಬರಿಯಿಂದ. "ಏನನ್ನೂ ಮುಟ್ದೆ ಕೂತಿದ್ರೆ ಸಾಕು."

ಆಮೇಲೆ ಎಷ್ಟೋ ವೇದಿಕೆ ಹತ್ತಿದ್ದೇನೆ, ಎಷ್ಟೋ ಹಾರ ಹಾಕಿಸಿಕೊಂಡಿದ್ದೇನೆ. ಏನನ್ನೂ ಮುಟ್ಟದೆ ಕೂರುವ ವಿದ್ಯೆಯಲ್ಲಿ ಜಯನಗರದಲ್ಲಿ ನನ್ನನ್ನು ಮೀರಿಸುವ ಕಲಾವಿದ ಇನ್ನೂ ಹುಟ್ಟಿಲ್ಲ!