ಡೆಸ್‌ನ ಮದ್ದಿನ ಡಬ್ಬಿ, ನೋಲೀನಳ ಬಿಸ್ಕತ್ತು

"ಇನ್ನು ನನ್ನ ಡಬ್ಬಿಯೊಳಗೆ ತೇವ ಕಾಲಿಟ್ರೆ ನನ್ನ ಹೆಸರು ಡೆಸ್ ಹಾರ್ಟಿಗನ್ನೇ ಅಲ್ಲ!"

ಇನಿಸ್‌ಫೇಲ್ ಊರಲ್ಲಿ ಹತ್ತೊಂಬತ್ತು ದಿನದಿಂದ ಮಳೆ. ಬೆಲ್ಟಿಗೆ ಬೂಷ್ಟು, ಬ್ರೆಡ್ಡಿಗೆ ಬೂಷ್ಟು, ಮದುವೆ ಫೋಟೊದಲ್ಲಿ ಮದುಮಗನಿಗೆ ಬೂಷ್ಟಿನ ಮೀಸೆ! ಇಂಥದರಲ್ಲಿ ನಮ್ಮ ಡೆಸ್ ಮಹಾಶಯನ ಭೀಷ್ಮ ಪ್ರತಿಜ್ಞೆ.

ಕಾರಣವಿತ್ತು. ಹಾರಿಸಿದ ತೋಟಾಗಳಿಗೆ ತಾವೇ ಮತ್ತೆ ಮದ್ದು ತುಂಬಿ ಗುರಿ ಹೊಡೆಯುವವರ ಕ್ಲಬ್ಬು ಅವನದು. ಕ್ಲಬ್ಬಿನ ಉಗ್ರಾಣದಲ್ಲಿ ಮದ್ದೆಲ್ಲ ತೇವ ಹಿಡಿದು ಹಾಳಾಗಿತ್ತು. "ಯಾರು ತೇವ ಹಿಡಿಯದ ಡಬ್ಬಿ ತೋರಿಸ್ತಾರೋ ಅವರ ಕೈಗೇ ಉಗ್ರಾಣದ ಬೀಗದಕೈ," ಎಂದಿದ್ದ ಕಾರ್ಯದರ್ಶಿ ಗೀನೋ. ಆ ಬೀಗದಕೈಗಾಗಿ ಡೆಸ್ ಒಂಬತ್ತು ವರ್ಷದಿಂದ ಬಾಯಿ ಬಿಡುತ್ತಿದ್ದ. ಮೊಸಳೆ ಹಲ್ಲಿನ ಕೀಚೈನನ್ನು ಆಗಲೇ ಕೊಂಡೂ ಆಗಿತ್ತು!

"ಕೂಸು ಹುಟ್ಟೋಕೆ ಮುಂಚೆ ಕುಲಾವಿ," ಎಂದಳು ಹೆಂಡತಿ ನೋಲೀನ್. ಅವಳೂ ಅದೇ ಕ್ಲಬ್ಬಿನವಳು. ಗುರಿಯಲ್ಲಿ ಗಂಡನಿಗಿಂತ ಒಂದು ಕೈ ಮೇಲು, ಆ ಮಾತು ಮನೆಯಲ್ಲಿ ಆಡುವಂತಿಲ್ಲ.

ಡೆಸ್ ಎರಡು ಹಳೆಯ ಮಿಲಿಟರಿ ಡಬ್ಬಿ ತಂದ. ದಪ್ಪ ಕಬ್ಬಿಣ, ಮುಚ್ಚಳಕ್ಕೆ ರಬ್ಬರ್ ಪಟ್ಟಿ. ಎರಡಕ್ಕೂ ತೇವ ಹೀರುವ ನೀಲಿ ಹರಳು ಒಂದೊಂದು ಹಿಡಿ. ಒಂದರೊಳಗೆ ಮದ್ದು, ಹಿತ್ತಾಳೆ ತೋಟಾ, ತೇವ ಅಳೆಯುವ ಮೀಟರು.

"ಇನ್ನೊಂದು ನನಗೆ ಕೊಡು. ಬಿಸ್ಕತ್ತೆಲ್ಲ ಮೆತ್ತಗಾಗಿ ಚಪ್ಪಲಿ ಥರ ಬಗ್ತಿವೆ."

"ತಗೋ. ಆದ್ರೆ ಇದು ವಿಜ್ಞಾನ, ನೋಲೀನ್! ಅಡುಗೆಮನೆ ಅಲ್ಲ!"

ಮರುದಿನ ಮುಚ್ಚಳ ತೆಗೆದು ನೋಡಿದ. ಮೀಟರಿನ ಮುಳ್ಳು ಮೂವತ್ತರಲ್ಲಿ! ದಿಗ್ವಿಜಯ! ಗೀನೋಗೆ ಫೋನು: "ಶನಿವಾರ ಕಮಿಟಿಯವರನ್ನೆಲ್ಲ ಕರ್ಕೊಂಡು ಬಾ!"

"ಮುಳ್ಳು ನಲವತ್ತು ದಾಟಿದ್ರೆ ಬೀಗದಕೈ ಇಲ್ಲ, ನೋಡು," ಎಂದ ಗೀನೋ.

ಆ ಸಂತೋಷಕ್ಕೆ ಇನ್ನೊಮ್ಮೆ ತೆಗೆದು ನೋಡಿದ. ಪಕ್ಕದ ಮನೆಯವನಿಗೆ ತೆಗೆದು ತೋರಿಸಿದ. ಅಂಚೆಯವನಿಗೂ ತೋರಿಸಿದ. ಮುಳ್ಳು ನಲವತ್ತಾರಕ್ಕೆ ಬಂತು. ಇನ್ನು ಗಂಟೆಗೊಮ್ಮೆ ತಪಾಸಣೆ. ಐವತ್ತೈದು. ರಬ್ಬರಿಗೆ ಗ್ರೀಸು ಹಚ್ಚಿದ. ಅರವತ್ತೆಂಟು. ತೇವ ಕುಡಿದು ಕುಡಿದು ನೀಲಿ ಹರಳು ನಾಚಿ ಗುಲಾಬಿಯಾಯಿತು.

"ಅದನ್ನ ಸ್ವಲ್ಪ ಅದರ ಪಾಡಿಗೆ ಬಿಡು, ಡೆಸ್."

"ಬಿಡೋದಾ? ಕಾವಲು ಯಾರು ಕಾಯ್ತಾರೆ, ನಿಮ್ಮಪ್ಪನಾ?"

ಶನಿವಾರ ಕಮಿಟಿ ಬಂತು. ಮುಚ್ಚಳ ತೆರೆಯಿತು. ಎಂಬತ್ತೆರಡು! ತೋಟಾಗಳಿಗೆ ಹಸಿರು ಕಿಲುಬು. ಡೆಸ್‌ಗೆ ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು.

ಅಷ್ಟರಲ್ಲಿ ನೋಲೀನ್ ಚಹಾ ತಂದು, ತನ್ನ ಡಬ್ಬಿಯ ಕೊಂಡಿ ಬಿಚ್ಚಿದಳು. ಗೀನೋ ಒಂದು ಶುಂಠಿ ಬಿಸ್ಕತ್ತು ಕಚ್ಚಿದ.

ಕಟುಂ!

ಆ ಊರಲ್ಲಿ ಬಿಸ್ಕತ್ತಿನ ಸದ್ದು ಕೇಳಿ ಎಷ್ಟು ದಿನವಾಗಿತ್ತೋ! ಗೀನೋ ಹಾಗೇ ನಿಂತುಬಿಟ್ಟ.

"ಇದಕ್ಕೇನು ಹಾಕಿದೆ ತಾಯಿ?"

"ಅವನು ಹಾಕಿದ್ದೇ, ಒಂದು ಹಿಡಿ ಹರಳು."

"ಆಮೇಲೆ?"

"ಮುಚ್ಚಿದೆ. ಈಗ ತೆಗೆದೆ."

ಈಗ ಆ ಮೊಸಳೆ ಹಲ್ಲು ನೋಲೀನಳ ಸೊಂಟದಲ್ಲಿ ತೂಗಾಡುತ್ತದೆ, ಉಗ್ರಾಣದ ಬೀಗದಕೈ ಸಮೇತ. ಡೆಸ್ ಆಗಾಗ ಬಂದು ಕೈಕಟ್ಟಿ ನಿಲ್ಲುತ್ತಾನೆ.

"ಬೀಗದಕೈ ಕೊಡ್ತೀಯಾ?"

"ಯಾಕೆ, ಮದ್ದು ಬೇಕಾ?"

ಡೆಸ್ ಬೇರೆ ಏನೇ ಇರಲಿ, ಸುಳ್ಳುಗಾರನಲ್ಲ.

"ಇಲ್ಲ... ಒಂದ್ಸಲ ತೆಗೆದು ನೋಡೋಣ ಅಂತ."